ಹೆಗಲ ಹಲಗೆ ಮುರಿದರೆ ಮೊದಲು ಎದೆ ನೋಡಿ

(ಮುಧೋಳದಲ್ಲಿ ನರ್ಸಿಂಗ್ ಮತ್ತು ಫಿಸಿಯೋಥೆರಪಿ ವಿದ್ಯಾರ್ಥಿಗಳು, ಆಂಬುಲೆನ್ಸ್ ಸಿಬ್ಬಂದಿ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು ಮತ್ತು ಊರಿನ ಹಿರಿಯರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ಹೆಗಲ ಹಲಗೆ. ಓದಿದವರು ಇದನ್ನು ಸ್ಕ್ಯಾಪುಲಾ ಅನ್ನುತ್ತಾರೆ. ಎಂಬಿಬಿಎಸ್ ಮೊದಲ ವರ್ಷದಲ್ಲಿ ನಾನು ಹಿಡಿದು ಕಲಿತ ಎಲುಬು ಇದು, ಈಗ ಅಂಚೆಲ್ಲ ಸವೆದು ಹಳದಿಯಾಗಿದೆ. ಟ್ಯೂಬ್‌ಲೈಟ್ ಕಡೆ ಹಿಡಿಯುತ್ತೇನೆ, ನೋಡಿ. ನಡುಭಾಗದಲ್ಲಿ ಬೆಳಕು ಈಚೆ ಕಾಣುತ್ತಿದೆ ಅಲ್ವಾ? ಹಪ್ಪಳದ ಹಾಗೆ ಅಷ್ಟು ತೆಳು. ಹಿಂದಿನ ಸಾಲಿನವರಿಗೆ ಕಾಣುತ್ತಿಲ್ಲ, ಒಬ್ಬೊಬ್ಬರೇ ಕೈಯಿಂದ ಕೈಗೆ ದಾಟಿಸಿ. ಬೆರಳಲ್ಲಿ ಸವರಿ ನೋಡಿ. ಹೊರಗಿನ ಅಂಚು ದಪ್ಪ. ಹಿಂದೆ ಅಡ್ಡಲಾಗಿ ಒಂದು ಏಣು ಹೋಗಿದೆ, ಅದೂ ದಪ್ಪ. ಕೀಲು ಇರುವ ಮೂಲೆ ಎಲ್ಲಕ್ಕಿಂತ ಗಟ್ಟಿ. ನಡುವೆ ಮಾತ್ರ ಬೆಳಕು ದಾಟುವಷ್ಟು ತೆಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಆಪರೇಷನ್ ಮಾತು ಬಂದಾಗ ಬೇಕಾಗುತ್ತದೆ.

ಇಷ್ಟು ತೆಳುವಾದ ಎಲುಬು ಎಷ್ಟು ಸುಲಭವಾಗಿ ಮುರಿಯಬೇಕು! ಆದರೆ ಮುರಿಯುವುದು ಬಹಳ ಕಡಿಮೆ. ಮೈಯಲ್ಲಿ ಮುರಿಯುವ ನೂರು ಎಲುಬುಗಳಲ್ಲಿ ಇದರ ಪಾಲು ಒಂದೂ ಇಲ್ಲ. ಹೆಗಲಿನ ಸುತ್ತ ಆಗುವ ಮುರಿತಗಳನ್ನಷ್ಟೇ ಲೆಕ್ಕ ಹಾಕಿದರೂ ನೂರಕ್ಕೆ ಮೂರರಿಂದ ಐದು. ಯಾಕೆ? ಮುಂದೆ ಪಕ್ಕೆಲುಬಿನ ಗೂಡಿದೆ. ಎರಡನೇ ಪಕ್ಕೆಲುಬಿನಿಂದ ಏಳನೆಯದರವರೆಗೆ ಈ ಹಲಗೆ ಅದರ ಮೇಲೆ ಕೂತಿರುತ್ತದೆ. ಹಿಂದೆ ಮುಂದೆ ಎರಡೂ ಕಡೆ ದಪ್ಪ ಮಾಂಸದ ಹೊದಿಕೆ. ಹದಿನೇಳು ಸ್ನಾಯುಗಳು ಇದಕ್ಕೆ ಅಂಟಿಕೊಂಡಿವೆ. ಅದರ ಜೊತೆಗೆ ಇದು ಒಂದು ಕಡೆ ಬಿಗಿದು ಕೂರುವ ಎಲುಬಲ್ಲ, ಏಟು ಬಿದ್ದರೆ ಜಾರಿ ತಪ್ಪಿಸಿಕೊಳ್ಳುತ್ತದೆ. ಕೌದಿಯೊಳಗೆ ಸುತ್ತಿಟ್ಟ ಪಿಂಗಾಣಿ ತಟ್ಟೆ ಇದ್ದ ಹಾಗೆ.

ಕೌದಿಯೊಳಗಿನ ತಟ್ಟೆ ಒಡೆದಿದೆ ಅಂದರೆ ಹೊರಗಿನಿಂದ ಬಿದ್ದ ಪೆಟ್ಟು ಎಷ್ಟಿರಬೇಕು? ಬೈಕಿನಿಂದ ಹಾರಿ ಬಿದ್ದವರು, ಮರದಿಂದ ಬಿದ್ದವರು, ಟ್ರೇಲರ್ ಹಿಂದೆ ಗುದ್ದಿದವರು, ಇವರಲ್ಲಿ ನಾವು ಈ ಮುರಿತ ನೋಡುತ್ತೇವೆ. ಅಷ್ಟು ಜೋರಿನ ಪೆಟ್ಟು ಒಂದೇ ಎಲುಬಿಗೆ ನಿಲ್ಲುವುದಿಲ್ಲ. ಹೆಗಲ ಹಲಗೆ ಮುರಿದವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನರಿಗೆ ಬೇರೆ ಇನ್ನೊಂದು ಗಾಯ ಇರುತ್ತದೆ. ಪಕ್ಕೆಲುಬು ಮುರಿದಿರುತ್ತದೆ, ಶ್ವಾಸಕೋಶ ಜಜ್ಜಿರುತ್ತದೆ, ಎದೆಗೂಡಿನಲ್ಲಿ ಗಾಳಿ ಅಥವಾ ರಕ್ತ ತುಂಬಿರುತ್ತದೆ, ತಲೆಗೆ ಪೆಟ್ಟಾಗಿರುತ್ತದೆ, ಬೆನ್ನುಹುರಿ ಅಪಾಯದಲ್ಲಿರುತ್ತದೆ. ಇವತ್ತು ನಾನು ಹೇಳುವ ಮಾತಿನಲ್ಲಿ ಒಂದನ್ನೇ ಮನೆಗೆ ಒಯ್ಯುವುದಾದರೆ ಇದನ್ನೇ ಒಯ್ಯಿರಿ: ಈ ಎಲುಬು ಮುರಿದಿದೆ ಅಂತ ಗೊತ್ತಾದ ಕೂಡಲೇ ಹೆಗಲು ಬಿಟ್ಟು ಎದೆ ನೋಡಿ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಒಂದು ರಾತ್ರಿಯಿಂದ ಕಲಿತದ್ದು ಜಾಸ್ತಿ. ಪಿಜಿ ಓದುವಾಗಿನ ಮಾತು. ಕಬ್ಬು ನುರಿಸುವ ಹಂಗಾಮು. ರಾತ್ರಿ ಹತ್ತರ ಸುಮಾರಿಗೆ ಒಬ್ಬ ಯುವಕನನ್ನು ಕರೆತಂದರು. ಟ್ರ್ಯಾಕ್ಟರಿನ ಮಡ್ಗಾರ್ಡ್ ಮೇಲೆ ಕೂತು ಬರುತ್ತಿದ್ದವನು ಹಳ್ಳದ ಇಳಿಜಾರಿನಲ್ಲಿ ಎಗರಿ ಕಲ್ಲಿಗೆ ಬೆನ್ನು ಬಡಿದು ಬಿದ್ದಿದ್ದ. ಎಡಗೈಯನ್ನು ಬಲಗೈಯಿಂದ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ತಾನೇ ನಡೆದು ಒಳಗೆ ಬಂದ. ಮಾತಾಡುತ್ತಿದ್ದ. ಹೆಗಲಿನ ಎಕ್ಸ್‌ರೇ ತೆಗೆಸಿದೆ. ಹಲಗೆಯ ನಡುಭಾಗದಲ್ಲಿ ಒಂದು ಗೆರೆ ಕಂಡಿತು. ಕೀಲು ಚೆನ್ನಾಗಿದೆ, ಸ್ಲಿಂಗ್ ಹಾಕಿದರೆ ಸಾಕು ಅಂದುಕೊಂಡೆ. ಎದೆಯ ಎಕ್ಸ್‌ರೇ ಕೂಡ ತೆಗೆದಿತ್ತು, ಮಲಗಿಸಿ ತೆಗೆದದ್ದು, ಮೇಲ್ನೋಟಕ್ಕೆ ಸರಿಯಾಗಿತ್ತು. ನೋವಿನ ಇಂಜೆಕ್ಷನ್ ಬರೆದು ವಾರ್ಡಿಗೆ ಕಳಿಸಿದೆ.

ಮೂರು ಗಂಟೆಗೆ ಸ್ಟಾಫ್ ನರ್ಸ್ ಬಂದು ಎಬ್ಬಿಸಿದರು. "ಸರ್, ಆ ಹುಡುಗ ಮಲಗವಲ್ಲ. ಎದ್ದು ಕುಂತಾನ. ಉಸಿರು ಎಣಿಸಿದೆ, ನಿಮಿಷಕ್ಕ ಮೂವತ್ತಾರು ಐತಿ." ಹೋಗಿ ನೋಡಿದರೆ ಎದೆಯ ಎಡಭಾಗ ಏಳುತ್ತಲೇ ಇಲ್ಲ. ಸ್ಟೆತೋಸ್ಕೋಪ್ ಇಟ್ಟರೆ ಆ ಕಡೆ ಸದ್ದಿಲ್ಲ. ಪಕ್ಕೆಲುಬಿನ ಚೂರು ಶ್ವಾಸಕೋಶಕ್ಕೆ ಚುಚ್ಚಿ ಗಾಳಿ ನಿಧಾನವಾಗಿ ಸೋರಿ ಎದೆಗೂಡು ತುಂಬಿಕೊಂಡಿತ್ತು. ಎದೆಗೆ ಕೊಳವೆ ಹಾಕಿದೆವು. ಬಾಟಲಿಯಲ್ಲಿ ಗುಳುಗುಳು ಗುಳ್ಳೆ ಎದ್ದವು. ಅವನು ಬದುಕಿದ. ಬದುಕಿಸಿದ್ದು ಆ ನರ್ಸ್. ನಾನು ಮುರಿತಕ್ಕೆ ಹೆಸರು ಕೊಟ್ಟು ಮಲಗಿದ್ದೆ. ಅವರು ಗಡಿಯಾರ ಹಿಡಿದು ಉಸಿರು ಎಣಿಸಿದ್ದರು. ಇಲ್ಲಿ ಕೂತಿರುವ ನರ್ಸಿಂಗ್ ಮಕ್ಕಳಿಗೆ ಅದಕ್ಕೇ ಹೇಳುತ್ತಿದ್ದೇನೆ. ಮೊದಲ ಎಕ್ಸ್‌ರೇ ಸರಿಯಿದೆ ಅಂತ ಯಾರೇ ಬರೆದಿರಲಿ, ಇಂಥ ರೋಗಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಮತ್ತೆ ಮತ್ತೆ ಎಣಿಸಿ.

ರಸ್ತೆಯ ಮೇಲೆ ಸಿಕ್ಕಾಗ ಏನು ಮಾಡಬೇಕು ಅಂತ ಆಂಬುಲೆನ್ಸಿನವರಿಗೆ ನಾನು ಹೇಳಬೇಕಾಗಿಲ್ಲ. ಉಳಿದವರಿಗೆ ಎರಡು ಮಾತು. ಕೈ ಎಳೆದು "ಕೂಡಿಸುವ" ಕೆಲಸಕ್ಕೆ ಹೋಗಬೇಡಿ. ಬಿದ್ದವರು ಕೈಯನ್ನು ಹೇಗೆ ಹಿಡಿದುಕೊಂಡಿದ್ದಾರೋ ಹಾಗೇ ಬಿಟ್ಟು, ಹೆಗಲ ಮೇಲಿನ ಟವೆಲ್ಲನ್ನು ಮೊಣಕೈ ಕೆಳಗಿಂದ ತಂದು ಕೊರಳಿಗೆ ಕಟ್ಟಿ. ಎಚ್ಚರ ತಪ್ಪಿದ್ದರೆ ಕುತ್ತಿಗೆ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಪೊಲೀಸ್ ಕೇಸ್ ಅಂತ ಹೆದರಿ ದೂರ ನಿಲ್ಲುವ ಕಾಲ ಹೋಗಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ಒಳ್ಳೆ ಮನಸ್ಸಿನಿಂದ ಸಹಾಯಕ್ಕೆ ಬಂದವರಿಗೆ ಕಾನೂನಿನ ರಕ್ಷಣೆ ಸಿಕ್ಕಿದೆ. ಹೆಸರು ಹೇಳಲೇಬೇಕು ಅಂತ ನಿಮ್ಮನ್ನು ಒತ್ತಾಯಿಸುವ ಹಾಗಿಲ್ಲ.

ಇನ್ನು ಪತ್ತೆ ಹಚ್ಚುವುದು. ಎದೆಯ ಎಕ್ಸ್‌ರೇಯಲ್ಲಿ ಹೆಗಲ ಹಲಗೆ ಬಂದೇ ಇರುತ್ತದೆ, ಆದರೆ ಪಕ್ಕೆಲುಬುಗಳ ಗೆರೆಗಳ ನಡುವೆ ಮುರಿತದ ಗೆರೆ ಕಳೆದುಹೋಗುತ್ತದೆ. ನೋಡಬೇಕು ಅಂತ ನೋಡಿದರೆ ಮಾತ್ರ ಕಾಣುತ್ತದೆ. ಮೊದಲ ದಿನ ತಪ್ಪಿಹೋಗಿ ವಾರದ ಮೇಲೆ ಸಿಗುವ ಮುರಿತಗಳಲ್ಲಿ ಇದೂ ಒಂದು. ಅದಕ್ಕೇ ಕಣ್ಣು, ಕೈ ಬಳಸಿ. ಅಂಗಿ ಬಿಚ್ಚಿಸಿ ಬೆನ್ನು ನೋಡಿ. ಹಲಗೆಯ ಆಕಾರದಲ್ಲೇ ತ್ರಿಕೋನವಾಗಿ ಬಾವು ಎದ್ದಿದ್ದರೆ ಒಳಗೆ ರಕ್ತ ಕಟ್ಟಿದೆ ಅಂತ ಅರ್ಥ. ಇದಕ್ಕೆ ಕೊಮೋಲಿ ಚಿಹ್ನೆ ಅಂತ ಹೆಸರು. ಮುಂಗೈ ನಾಡಿ ಹಿಡಿದು ಎರಡೂ ಕಡೆ ಹೋಲಿಸಿ. ಬೆರಳು ಅಗಲಿಸು, ಹೆಬ್ಬೆರಳು ಎತ್ತು ಅಂತ ಹೇಳಿ ನರ ಪರೀಕ್ಷಿಸಿ. ಮೊದಲ ಕೆಲವು ದಿನ ರೋಗಿಗೆ ಕೈ ಎತ್ತಲು ಆಗುವುದೇ ಇಲ್ಲ. ಸ್ನಾಯುವೇ ಹರಿದುಹೋಗಿದೆ ಅಂತ ಎಷ್ಟೋ ಸಲ ಅನುಮಾನ ಬರುತ್ತದೆ. ಸ್ನಾಯುವಿನೊಳಗೆ ರಕ್ತ ಇಳಿದು ನೋವಿನಿಂದ ಅದು ಕೆಲಸ ನಿಲ್ಲಿಸಿರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಶಕ್ತಿ ವಾಪಸ್ ಬರುತ್ತದೆ.

ಮುರಿತ ಕೀಲಿಗೆ ಹೋಗಿದೆ ಅಥವಾ ಜಾಸ್ತಿ ಸರಿದಿದೆ ಅನ್ನುವ ಅನುಮಾನವಿದ್ದರೆ ಸಿಟಿ ಸ್ಕ್ಯಾನ್ ಬೇಕೇ ಬೇಕು. ಮೂರು ಆಯಾಮದ ಚಿತ್ರದಲ್ಲಿ ಪಕ್ಕೆಲುಬುಗಳನ್ನು ಅಳಿಸಿ ಹಲಗೆಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಬಹುದು. ಈ ಸ್ಕ್ಯಾನ್ ಬಂದ ಮೇಲೆ ಈ ಮುರಿತದ ಬಗ್ಗೆ ನಮ್ಮ ತಿಳಿವಳಿಕೆಯೇ ಬದಲಾಯಿತು. ಒಂದು ಎಚ್ಚರಿಕೆ. ಹೆಗಲ ತುದಿಯ ಅಕ್ರೋಮಿಯನ್ ಅನ್ನುವ ಭಾಗ ಕೆಲವರಲ್ಲಿ ದೊಡ್ಡವರಾದ ಮೇಲೂ ಪೂರ್ತಿ ಕೂಡಿಕೊಂಡೇ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಅದು ಮುರಿತದ ಹಾಗೇ ಕಾಣುತ್ತದೆ. ಅಂಚು ನುಣುಪಾಗಿದ್ದು ಒತ್ತಿದರೆ ನೋವಿಲ್ಲ ಅಂದರೆ ಅದು ಹಳೆಯದು.

ಈಗ ವಿಂಗಡಣೆಗೆ ಬರೋಣ. ವಿದ್ಯಾರ್ಥಿಗಳು ಪೆನ್ನು ತೆಗೆದರು, ನೋಡಿದೆ. ಹೆಸರು, ನಂಬರ್ ಬಹಳ ಇವೆ. ಎಲ್ಲವನ್ನೂ ಬಾಯಿಪಾಠ ಮಾಡುವ ಮೊದಲು ಈ ವಿಂಗಡಣೆ ಯಾಕೆ ಬೇಕು ಅಂತ ಕೇಳಿಕೊಳ್ಳಿ. ಯಾರಿಗೆ ಚಾಕು ಬೇಕು, ಯಾರಿಗೆ ಬೇಡ ಅಂತ ತಿಳಿಯಲು ಬೇಕು. ಅದಕ್ಕೆ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೀಲಿನ ಮೈ ಒಡೆದಿದೆಯಾ? ಕೀಲನ್ನು ಹೊತ್ತ ಕೊರಳು ವಾಲಿದೆಯಾ? ಹೆಗಲಿನ ಬಳೆ ಎರಡು ಕಡೆ ಒಡೆದಿದೆಯಾ? ಬಳೆ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ.

ಹಲಗೆಯ ಮೈ, ಅಂದರೆ ಆ ಬೆಳಕು ದಾಟುವ ಭಾಗ, ಮುರಿಯುವುದು ಎಲ್ಲಕ್ಕಿಂತ ಜಾಸ್ತಿ. ಹೆಚ್ಚುಕಡಿಮೆ ಅರ್ಧದಷ್ಟು ಮುರಿತಗಳು ಇಲ್ಲೇ. ಆಮೇಲೆ ಕೊರಳು, ಸುಮಾರು ಕಾಲು ಭಾಗ. ಉಳಿದದ್ದು ಕೀಲಿನ ಬಟ್ಟಲು ಮತ್ತು ಹೊರಗೆ ಚಾಚಿದ ಎರಡು ಕೊಂಬುಗಳು. ಜಗತ್ತಿನ ಎಲುಬು ವೈದ್ಯರು ಈಗ ಬಳಸುವ, ಎಒ ಅನ್ನುವ ಎಲುಬು ವೈದ್ಯರ ಸಂಘಟನೆಯ ವಿಂಗಡಣೆ 2018ರಲ್ಲಿ ಪರಿಷ್ಕರಣೆಯಾದದ್ದು. ಅದೂ ಇದೇ ದಾರಿ ಹಿಡಿದಿದೆ. ಹೆಗಲ ಹಲಗೆಗೆ 14 ಅಂತ ಸಂಖ್ಯೆ. ಕೊಂಬುಗಳ ಮುರಿತ ಎ, ಮೈಯ ಮುರಿತ ಬಿ, ಕೀಲಿನ ಬಟ್ಟಲಿನ ಮುರಿತ ಎಫ್.

ಕೀಲಿನ ಬಟ್ಟಲಿಗೆ ಗ್ಲೀನಾಯ್ಡ್ ಅಂತ ಹೆಸರು. ತೋಳೆಲುಬಿನ ಗುಂಡು ತಲೆ ಬಂದು ಕೂರುವ ಜಾಗ ಅದು. ಬಟ್ಟಲು ಅಂದೆ, ಆದರೆ ನಿಜಕ್ಕೂ ತಾಟಿನಷ್ಟು ಚಪ್ಪಟೆ. ಇದರ ಮುರಿತಗಳನ್ನು ಸ್ವೀಡನ್ನಿನ ಇಡೆಬರ್ಗ್ 1984ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. 1992ರಲ್ಲಿ ಅಮೆರಿಕದ ಗಾಸ್ ಅದಕ್ಕೆ ಆರನೆಯದನ್ನು ಸೇರಿಸಿದರು. ಒಂದನೇ ಬಗೆಯಲ್ಲಿ ತಾಟಿನ ಅಂಚು ಮಾತ್ರ ಚಕ್ಕೆ ಏಳುತ್ತದೆ, ಮುಂದಿನ ಅಂಚು ಅಥವಾ ಹಿಂದಿನ ಅಂಚು. ಎರಡನೆಯದರಲ್ಲಿ ಬಿರುಕು ಕೀಲಿನಿಂದ ಹೊರಟು ಕೆಳಗಿನ ಅಂಚಿಗೆ ಹೋಗುತ್ತದೆ. ಮೂರನೆಯದರಲ್ಲಿ ಮೇಲಕ್ಕೆ. ನಾಲ್ಕನೆಯದರಲ್ಲಿ ಅಡ್ಡಲಾಗಿ ಹಲಗೆಯನ್ನೇ ಸೀಳಿಕೊಂಡು ಬೆನ್ನುಮೂಳೆಯ ಕಡೆಯ ಅಂಚಿನವರೆಗೆ ಹೋಗುತ್ತದೆ. ಐದನೆಯದು ಇವುಗಳ ಕೂಡಿಕೆ. ಆರನೆಯದು ಪುಡಿಪುಡಿ. ಒಂದೇ ಚಿತ್ರ ನೋಡಿ ಇಬ್ಬರು ವೈದ್ಯರು ಬೇರೆ ಬೇರೆ ನಂಬರ್ ಹೇಳುವುದು ಉಂಟು. ಅದಕ್ಕೇ ನನಗೆ ನಂಬರಿಗಿಂತ ಬಿರುಕು ಎಲ್ಲಿ ಶುರುವಾಗಿ ಎಲ್ಲಿಗೆ ಮುಟ್ಟಿದೆ, ಒಡೆದ ತುಂಡುಗಳು ಮೇಲೆ ಕೆಳಗಾಗಿ ಆದ ಮೆಟ್ಟಿಲು ಎಷ್ಟು ಎತ್ತರ ಅನ್ನುವುದು ಮುಖ್ಯ. ಕೇಸ್ ಶೀಟಿನಲ್ಲಿ ನಂಬರ್ ಬರೆದವರು ಅದನ್ನೂ ಬರೆಯಲಿ.

ಒಂದನೇ ಬಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಇದು ಗರಡಿ ಮನೆಗಳ ಸೀಮೆ. ಕುಸ್ತಿಯಲ್ಲಿ ಕೈ ಚಾಚಿ ಬಿದ್ದಾಗ ಹೆಗಲು ಕೀಲು ತಪ್ಪುತ್ತದೆ. ಪೈಲ್ವಾನರು ಅದನ್ನು ಅಖಾಡದಲ್ಲೇ ಕೂಡಿಸಿಕೊಂಡು ವಾರದೊಳಗೆ ಮತ್ತೆ ಮಣ್ಣಿಗೆ ಇಳಿಯುತ್ತಾರೆ. ಕೀಲು ತಪ್ಪುವಾಗ ತಾಟಿನ ಮುಂದಿನ ಅಂಚು ಚಕ್ಕೆ ಎದ್ದಿದ್ದರೆ ಗುಂಡು ನಿಲ್ಲುವುದಕ್ಕೆ ಕಟ್ಟೆಯೇ ಇರುವುದಿಲ್ಲ. ಆಮೇಲೆ ಅಂಗಿ ಹಾಕುವಾಗಲೂ ಕೀಲು ತಪ್ಪುತ್ತದೆ. ಚಕ್ಕೆ ಕೀಲಿನ ಮೈಯ ನಾಲ್ಕನೇ ಒಂದು ಪಾಲಿನಷ್ಟಿದ್ದರೆ ಅದನ್ನು ಸ್ಕ್ರೂ ಹಾಕಿ ಕೂರಿಸುವುದೇ ದಾರಿ. ಇಲ್ಲಿ ಕೂತಿರುವ ವಸ್ತಾದರಿಗೆ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಕೀಲು ಕೂತಿತು ಅಂದ ಮಾತ್ರಕ್ಕೆ ಬಿಡಬೇಡಿ, ಒಂದು ಎಕ್ಸ್‌ರೇ ತೆಗೆಸಿ ಹುಡುಗನನ್ನು ಕಣಕ್ಕೆ ಇಳಿಸಿ.

ಕೊಂಬುಗಳದ್ದು ಬೇಗ ಹೇಳಿ ಮುಗಿಸುತ್ತೇನೆ. ಮುಂದಕ್ಕೆ ಬಾಗಿದ ಕೊಕ್ಕೆ ಕೋರಕಾಯ್ಡ್. ಜಪಾನಿನ ಒಗಾವಾ 1997ರಲ್ಲಿ ಇದನ್ನು ಎರಡೇ ಬಗೆ ಮಾಡಿದರು. ಕಾಲರ್ ಎಲುಬಿಗೆ ಕಟ್ಟಿದ ಲಿಗಮೆಂಟಿಗಿಂತ, ಅಂದರೆ ಎಲುಬಿಗೆ ಎಲುಬು ಬಿಗಿಯುವ ನಾರಿಗಿಂತ, ಹಿಂದೆ ಬುಡದಲ್ಲಿ ಮುರಿದರೆ ಒಂದನೆಯದು, ಮುಂದೆ ತುದಿಯಲ್ಲಿ ಮುರಿದರೆ ಎರಡನೆಯದು. ತುದಿ ತನ್ನಷ್ಟಕ್ಕೆ ಗುಣವಾಗುತ್ತದೆ. ಬುಡ ಸರಿದಿದ್ದರೆ ಯೋಚನೆ ಮಾಡಬೇಕು. ಹೆಗಲ ಮೇಲಿನ ಚಾವಣಿ ಅಕ್ರೋಮಿಯನ್. 1994ರ ಕುನ್ ವಿಂಗಡಣೆಯಲ್ಲಿ ಮೂರು ಬಗೆ. ಸರಿದಿಲ್ಲ, ಸರಿದಿದೆ ಆದರೆ ಕೆಳಗಿನ ಸಂದಿಗೆ ತೊಂದರೆಯಿಲ್ಲ, ಚಾವಣಿ ಕುಸಿದು ಸಂದಿ ಕಿರಿದಾಗಿದೆ. ಮೂರನೆಯದನ್ನು ಹಾಗೇ ಬಿಟ್ಟರೆ ಕೈ ಎತ್ತಿದಾಗಲೆಲ್ಲ ಒಳಗಿನ ಸ್ನಾಯು ಉಜ್ಜುತ್ತದೆ, ಅದಕ್ಕೆ ಸರಿಪಡಿಸುತ್ತೇವೆ.

ಈಗ ಬಳೆ. ಕೀಲಿನ ತಾಟು, ಕೋರಕಾಯ್ಡ್, ಅಲ್ಲಿಂದ ಕಾಲರ್ ಎಲುಬಿಗೆ ಹೋಗುವ ಲಿಗಮೆಂಟು, ಕಾಲರ್ ಎಲುಬಿನ ತುದಿ, ಅಲ್ಲಿನ ಚಿಕ್ಕ ಕೀಲು, ಅಕ್ರೋಮಿಯನ್. ಇವೆಲ್ಲ ಸೇರಿ ಒಂದು ಸುತ್ತು ಆಗುತ್ತದೆ. ಇಡೀ ತೋಳು ಈ ಸುತ್ತಿನಿಂದಲೇ ಮೈಗೆ ತೂಗಿಬಿದ್ದಿದೆ. 1993ರಲ್ಲಿ ಇದನ್ನು ವಿವರಿಸಿದ್ದೂ ಅದೇ ಗಾಸ್. ಅಕ್ಕಂದಿರೇ, ನಿಮ್ಮ ಕೈಯಲ್ಲಿನ ಗಾಜಿನ ಬಳೆ ಒಂದು ಕಡೆ ಸೀಳಿದರೆ ಕೈಯಲ್ಲೇ ಉಳಿಯುತ್ತದೆ. ಎರಡು ಕಡೆ ಒಡೆದರೆ? ತುಂಡು ಕೆಳಗೆ. ಹೆಗಲೂ ಹಾಗೇ. ಕೊರಳು ಮಾತ್ರ ಮುರಿದರೆ ಸುತ್ತಿನ ಉಳಿದ ಭಾಗ ಹಿಡಿದುಕೊಳ್ಳುತ್ತದೆ. ಕೊರಳಿನ ಜೊತೆ ಕಾಲರ್ ಎಲುಬೂ ಮುರಿದರೆ ಕೀಲು ಎತ್ತಲೂ ಆಸರೆಯಿಲ್ಲದೆ ತೇಲುತ್ತದೆ. ಇದಕ್ಕೆ ತೇಲುವ ಹೆಗಲು ಅಂತಲೇ ಹೆಸರು. ಇಂಥವರಿಗೆಲ್ಲ ಆಪರೇಷನ್ ಬೇಕಾ ಅಂದರೆ, ಬೇಡ. ಎರಡೂ ಕಡೆ ಹೆಚ್ಚು ಸರಿಯದಿದ್ದರೆ ಸ್ಲಿಂಗ್ ಹಾಕಿಯೇ ಚೆನ್ನಾಗಿ ಗುಣವಾದವರಿದ್ದಾರೆ. ಸೆಂಟಿಮೀಟರಿಗಿಂತ ಜಾಸ್ತಿ ಸರಿದಿದ್ದರೆ ಸರಿಪಡಿಸುವ ಕಡೆ ವಾಲುತ್ತೇವೆ.

ಇಷ್ಟು ಹೇಳುವಾಗ ಮುಂದಿನ ಸಾಲಿನ ಒಬ್ಬ ಅಜ್ಜಾರು ಎದ್ದು ನಿಂತರು. "ಡಾಕ್ಟ್ರ, ಪ್ಲಾಸ್ಟರ್ ಹಾಕಲಾರದ ಎಲುಬು ಹೆಂಗ ಕೂಡ್ತೈತ್ರಿ?"

ಬಹಳ ಒಳ್ಳೆ ಪ್ರಶ್ನೆ, ಯಜಮಾನ್ರೇ. ಪ್ಲಾಸ್ಟರ್ ಮಾಡುವ ಕೆಲಸವನ್ನು ಇಲ್ಲಿ ಮಾಂಸವೇ ಮಾಡುತ್ತದೆ. ಸುತ್ತ ಇರುವ ದಪ್ಪ ಸ್ನಾಯು ಚೂರುಗಳನ್ನು ಅಪ್ಪಿ ಹಿಡಿದಿರುತ್ತದೆ, ರಕ್ತವನ್ನೂ ಧಾರಾಳವಾಗಿ ಕೊಡುತ್ತದೆ. ಅದಕ್ಕೇ ಈ ಎಲುಬು ಕೂಡದೇ ಉಳಿಯುವುದು ಬಲು ಅಪರೂಪ. ಆರು ವಾರದಲ್ಲಿ ಸಾಮಾನ್ಯವಾಗಿ ಕೂಡಿಬಿಡುತ್ತದೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಆಪರೇಷನ್ ಬೇಕಾಗುವುದಿಲ್ಲ. ಮೈಯ ಮುರಿತ ಸ್ವಲ್ಪ ಸೊಟ್ಟಗೆ ಕೂಡಿದರೂ ಕೈಗೆ ತೊಂದರೆ ಆಗುವುದು ಕಡಿಮೆ.

ಕೂಡುವುದು ಕಷ್ಟವಲ್ಲ. ಕಷ್ಟವಿರುವುದು ಹೆಗಲು ಬಿಗಿಯುವುದರಲ್ಲಿ. ನೋವಾಗುತ್ತದೆ ಅಂತ ಎರಡು ತಿಂಗಳು ಕೈ ಕಟ್ಟಿಕೊಂಡು ಕೂತವರ ಹೆಗಲು ತುಕ್ಕು ಹಿಡಿದ ಬೀಗದ ಹಾಗೆ ಆಗಿರುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಚೆಂದ ಕೂಡಿದೆ, ಆದರೆ ತಲೆ ಬಾಚಲು ಕೈ ಏಳುವುದಿಲ್ಲ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತಪ್ಪಿಸಬಹುದಾಗಿತ್ತು ಅನ್ನುವುದಕ್ಕೆ.

ಹಾಗಾದರೆ ಏನು ಮಾಡಬೇಕು? ಮೊದಲ ದಿನದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸಬೇಕು. ಸ್ಲಿಂಗ್ ಇರುವುದು ನೋವಿಗೆ, ಒಂದೆರಡು ವಾರಕ್ಕೆ. ಪಕ್ಕೆಲುಬೂ ಮುರಿದಿದ್ದರೆ ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಡಬ್ಬಿ ಊದುವುದಕ್ಕಲ್ಲ, ಉಸಿರು ಒಳಗೆ ಎಳೆದು ಚೆಂಡು ಏರಿಸುವುದಕ್ಕೆ. ಗಂಟೆಗೊಮ್ಮೆ ಹತ್ತು ಸಲ. ರಾತ್ರಿ ಚಪ್ಪಟೆ ಮಲಗಬೇಡಿ. ಬೆನ್ನಿಗೆ ಎರಡು ದಿಂಬು ಒರಗಿಸಿ, ಮೊಣಕೈ ಕೆಳಗೆ ಒಂದು ಮಡಚಿದ ಚಾದರ ಇಟ್ಟರೆ ಹೆಗಲು ಹಿಂದಕ್ಕೆ ಜೋತು ಬೀಳುವುದಿಲ್ಲ, ನಿದ್ದೆ ಬರುತ್ತದೆ. ಅಂಗಿ ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಹೆಂಗಸರು ಕೆಲವು ವಾರ ಮುಂದೆ ಹುಕ್ ಇರುವ ಸಡಿಲ ರವಿಕೆ ಹಾಕಿಕೊಳ್ಳಲಿ.

ನೋವು ಸ್ವಲ್ಪ ತಗ್ಗಿದ ಮೇಲೆ, ಹೆಚ್ಚಾಗಿ ಒಂದೆರಡು ವಾರದೊಳಗೆ, ತೂಗುವ ವ್ಯಾಯಾಮ. ಇಲ್ಲಿ ಎದ್ದು ಮಾಡಿ ತೋರಿಸುತ್ತೇನೆ. ಒಳ್ಳೆ ಕೈಯಿಂದ ಮೇಜು ಹಿಡಿದು ಸೊಂಟದಿಂದ ಬಗ್ಗಿ. ನೋವಿನ ಕೈ ತಾನಾಗಿ ಕೆಳಗೆ ಜೋತು ಬೀಳಲಿ, ಬಾವಿಗೆ ಬಿಟ್ಟ ಹಗ್ಗದ ಹಾಗೆ. ಕೈಗೆ ಶಕ್ತಿ ಹಾಕಬೇಡಿ. ಮೈಯನ್ನು ಹಿಂದೆ ಮುಂದೆ ತೂಗಿದರೆ ಕೈ ತಾನೇ ತೂಗುತ್ತದೆ. ಆಮೇಲೆ ಚಿಕ್ಕ ಚಿಕ್ಕ ಸುತ್ತು. ದಿನಕ್ಕೆ ಮೂರ್ನಾಲ್ಕು ಸಲ, ಐದೈದು ನಿಮಿಷ. ನಂತರ ಒಳ್ಳೆ ಕೈಯಿಂದ ನೋವಿನ ಕೈಯನ್ನು ಎತ್ತುವುದು. ನಾಲ್ಕರಿಂದ ಆರು ವಾರದ ಹೊತ್ತಿಗೆ ಅದೇ ಕೈ ತಾನೇ ಏಳಬೇಕು. ಗೋಡೆಯ ಮೇಲೆ ಬೆರಳು ನಡೆಸುತ್ತಾ ಮೇಲೆ ಹೋಗಿ, ಮುಟ್ಟಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಮರುದಿನ ಆ ಗೆರೆ ದಾಟಲು ನೋಡಿ. ನನ್ನ ಒಬ್ಬ ರೋಗಿಯ ಮನೆಯ ಪಡಸಾಲೆ ಗೋಡೆಯಲ್ಲಿ ಇಂಥ ಗೆರೆಗಳು ಏಣಿಯ ಹಾಗೆ ಮೇಲಕ್ಕೆ ಹೋಗಿದ್ದವು. ಕೊನೆಯದು ತೊಲೆಯ ಹತ್ತಿರ ಇತ್ತು. ಎರಡು ತಿಂಗಳಾದ ಮೇಲೆ ಬಲ ಬೆಳೆಸುವ ವ್ಯಾಯಾಮ. ರೊಟ್ಟಿ ತಟ್ಟುವುದು ಆ ಹೊತ್ತಿಗೆ ಶುರು ಮಾಡಬಹುದು, ಮೊದಲ ದಿನ ಎರಡು ರೊಟ್ಟಿ ಸಾಕು. ಬೆಲ್ಲದ ಪೆಂಟೆ, ನೀರಿನ ಕೊಡ, ಕಬ್ಬಿನ ಹೊರೆ ಇವೆಲ್ಲ ಮೂರು ತಿಂಗಳ ಮೇಲೆ, ವೈದ್ಯರನ್ನು ಕೇಳಿ.

ಎಲುಬು ಕಟ್ಟುವವರ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅವರಲ್ಲಿ ಅನುಭವಸ್ಥರಿದ್ದಾರೆ, ನಾನು ಅಗೌರವ ತೋರಿಸುವುದಿಲ್ಲ. ಆದರೆ ಈ ಎಲುಬಿಗೆ ಬಿದಿರಿನ ಪಟ್ಟಿ ಕಟ್ಟಿ ಹಿಡಿಸಲು ಜಾಗವೇ ಇಲ್ಲ. ಎಣ್ಣೆ ಹಾಕಿ ಬಲವಾಗಿ ತಿಕ್ಕಿದರೆ ಒಳಗೆ ಮತ್ತೆ ರಕ್ತ ಸುರಿಯುತ್ತದೆ. ಕೆಳಗೆ ಮುರಿದ ಪಕ್ಕೆಲುಬು ಇದ್ದರೆ ಅದು ಶ್ವಾಸಕೋಶಕ್ಕೆ ನಾಟಬಹುದು. ತಿಕ್ಕಿಸಬೇಡಿ.

ಆ ಹತ್ತರಲ್ಲಿ ಉಳಿದ ಒಬ್ಬರ ಮಾತಿಗೆ ಬರೋಣ. ಯಾರಿಗೆ ಆಪರೇಷನ್? ಕೀಲಿನ ಮೈಯಲ್ಲಿ ನಾಲ್ಕೈದು ಮಿಲಿಮೀಟರಿಗಿಂತ ಜಾಸ್ತಿ ಮೆಟ್ಟಿಲು ಅಥವಾ ಬಿರುಕು ಇದ್ದರೆ, ಹಾಗೇ ಬಿಟ್ಟರೆ ಮುಂದೆ ಕೀಲು ಸವೆಯುತ್ತದೆ. ಕೊರಳಿನ ಭಾಗ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಸರಿದಿದ್ದರೆ ಅಥವಾ 45 ಡಿಗ್ರಿಗಿಂತ ಜಾಸ್ತಿ ಮಡಚಿದ್ದರೆ ಯೋಚಿಸುತ್ತೇವೆ. ಇನ್ನೊಂದು ಅಳತೆ ಇದೆ. ತಾಟಿನ ಮೇಲ್ತುದಿಯಿಂದ ಕೆಳತುದಿಗೆ ಒಂದು ಗೆರೆ, ಅದೇ ಮೇಲ್ತುದಿಯಿಂದ ಹಲಗೆಯ ಕೆಳ ಮೂಲೆಗೆ ಇನ್ನೊಂದು. ಎರಡರ ನಡುವಿನ ಕೋನ ಆರೋಗ್ಯವಂತರಲ್ಲಿ 30ರಿಂದ 45 ಡಿಗ್ರಿ. ಇದನ್ನು ಗ್ಲೀನೋಪೋಲಾರ್ ಕೋನ ಅನ್ನುತ್ತಾರೆ. ಇದು 22ಕ್ಕಿಂತ ಕಡಿಮೆಯಾದರೆ ಕೀಲು ಕೆಳಮುಖವಾಗಿ ವಾಲಿದೆ ಅಂತ. ಸ್ನಾಯುಗಳು ಎಳೆಯುವ ದಿಕ್ಕೇ ತಪ್ಪುತ್ತದೆ, ಕೈ ಎತ್ತುವ ಬಲ ಕುಂದುತ್ತದೆ. ಈ ಅಂಕಿಗಳನ್ನು ಗೋಡೆಯ ಹಾಗೆ ನೋಡಬೇಡಿ. ಎಪ್ಪತ್ತೈದರ ಅಜ್ಜಿಗೂ ಇಪ್ಪತ್ತೈದರ ಹಮಾಲನಿಗೂ ಒಂದೇ ಗೆರೆ ಎಳೆಯಲಾಗುವುದಿಲ್ಲ.

ಹೆಚ್ಚಿನ ಆಪರೇಷನ್ ಬೆನ್ನಿನ ಕಡೆಯಿಂದ ಮಾಡುತ್ತೇವೆ. ಫ್ರಾನ್ಸಿನ ಜುಡೆ ಅವರು 1964ರಲ್ಲಿ ತೋರಿಸಿದ ದಾರಿ ಅದು. ಅವರು ಸ್ನಾಯುವನ್ನು ದೊಡ್ಡದಾಗಿ ಎಬ್ಬಿಸುತ್ತಿದ್ದರು. ಈಗ ಆದಷ್ಟು ಎರಡು ಸ್ನಾಯುಗಳ ನಡುವಿನ ಸಂದಿಯಲ್ಲೇ ಇಳಿಯುತ್ತೇವೆ. ಅಲ್ಲಿ ಸಾಗುವಾಗ ಕೈ ನಡುಗಬಾರದು. ಹಲಗೆಯ ಮೇಲಂಚಿನ ಕಚ್ಚಿನ ಮೂಲಕ ಸುಪ್ರಾಸ್ಕ್ಯಾಪುಲಾರ್ ನರ ಬರುತ್ತದೆ, ಕೆಳಗಡೆ ಆಕ್ಸಿಲರಿ ನರ ಇದೆ, ಹೊರಗಿನ ಅಂಚಿಗೆ ಅಂಟಿಕೊಂಡು ಒಂದು ರಕ್ತನಾಳ ಹೋಗುತ್ತದೆ. ಮೊದಲು ನಿಮ್ಮ ಕೈಗೆ ದಾಟಿಸಿದ ಎಲುಬು ಈಗ ಎಲ್ಲಿದೆ? ಮೂಲೆಯಲ್ಲಿರುವ ತಂಗಿ, ಮತ್ತೊಮ್ಮೆ ಬೆಳಕಿಗೆ ಹಿಡಿ. ಬೆಳಕು ದಾಟುವ ಜಾಗದಲ್ಲಿ ಸ್ಕ್ರೂ ಹಿಡಿಯುವುದಿಲ್ಲ, ಕಾಗದಕ್ಕೆ ಮೊಳೆ ಹೊಡೆದ ಹಾಗೆ. ಅದಕ್ಕೇ ಪ್ಲೇಟುಗಳನ್ನು ದಪ್ಪ ಅಂಚಿನ ಉದ್ದಕ್ಕೆ, ಏಣಿನ ಮೇಲೆ, ಕೊರಳಿನಲ್ಲಿ ಕೂರಿಸುತ್ತೇವೆ. ಚೌಕಟ್ಟು ಸರಿಹೋದರೆ ನಡುವಿನ ತೆಳು ಭಾಗ ತಾನೇ ಸರಿಹೋಗುತ್ತದೆ. ಮುಂದಿನ ಅಂಚಿನ ಚಕ್ಕೆಗೆ ಮಾತ್ರ ಎದೆಯ ಕಡೆಯಿಂದ ಹೋಗುತ್ತೇವೆ.

ಇನ್ನೆರಡು ಸಂದರ್ಭ, ನಮ್ಮ ಹೊಲಗಳಿಗೆ ಸಂಬಂಧಿಸಿದವು. ರಾಶಿ ಮಾಡುವ ಮಷೀನಿಗೆ, ಟ್ರ್ಯಾಕ್ಟರಿನ ತಿರುಗುವ ಶಾಫ್ಟಿಗೆ ಸೆರಗೋ ಟವೆಲ್ಲೋ ಸಿಕ್ಕಿ ತೋಳನ್ನೇ ಎಳೆದುಕೊಂಡಾಗ, ಚರ್ಮ ಹರಿಯದೆಯೇ ಹೆಗಲ ಹಲಗೆ ಎದೆಗೂಡಿನಿಂದ ಕಿತ್ತು ಹೊರಗೆ ಸರಿಯಬಹುದು. ತೋಳಿಗೆ ಹೋಗುವ ದೊಡ್ಡ ರಕ್ತನಾಳ, ನರದ ಕಟ್ಟು ಎರಡೂ ಹರಿದಿರಬಹುದು. ಎಕ್ಸ್‌ರೇಯಲ್ಲಿ ಒಂದು ಕಡೆಯ ಹಲಗೆ ಬೆನ್ನುಮೂಳೆಯಿಂದ ಜಾಸ್ತಿ ದೂರ ಕಾಣುತ್ತದೆ. ಕೈ ತಣ್ಣಗಿದ್ದು ನಾಡಿ ಸಿಗದಿದ್ದರೆ ಒಂದು ನಿಮಿಷವೂ ಕಳೆಯದೆ ರಕ್ತನಾಳದ ಶಸ್ತ್ರಚಿಕಿತ್ಸೆ ಇರುವ ಕಡೆ ಒಯ್ಯಬೇಕು. ಎರಡನೆಯದು ಪಂಪ್‌ಸೆಟ್ಟಿನ ಕರೆಂಟ್. ಶಾಕ್ ಹೊಡೆದಾಗ ಸ್ನಾಯುಗಳು ಎಷ್ಟು ಜೋರಾಗಿ ಸೆಟೆಯುತ್ತವೆ ಅಂದರೆ, ಬೀಳದೆಯೂ ಹೆಗಲ ಹಲಗೆ ಮುರಿಯಬಹುದು, ಕೀಲು ಹಿಂದಕ್ಕೆ ತಪ್ಪಬಹುದು. ಶಾಕ್ ಹೊಡೆದವರು ಹೆಗಲು ನೋವು ಅಂದರೆ ಸುಮ್ನೆ ಬಿಡಬೇಡಿ.

ಟ್ರ್ಯಾಕ್ಟರ್ ಅಣ್ಣಂದಿರೇ, ಡಬಲ್ ಟ್ರೇಲರ್ ಕಬ್ಬು ತುಂಬಿ ಕತ್ತಲಲ್ಲಿ ಹೋಗುವಾಗ ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದು ಕಪ್ಪು ಗೋಡೆ. ಕಬ್ಬು ಜೋತುಬಿದ್ದು ಹಿಂದಿನ ದೀಪ ಮುಚ್ಚಿರುತ್ತದೆ. ಕಬ್ಬಿನ ಮೇಲೂ ಕಾಣುವ ಹಾಗೆ ಹೊಳೆಯುವ ಪಟ್ಟಿಯ ಬಟ್ಟೆ ಕಟ್ಟಿ. ಕೆಟ್ಟು ನಿಂತರೆ ರಸ್ತೆಗೆ ಕಲ್ಲು ಇಟ್ಟು ಹೋಗಬೇಡಿ, ಆ ಕಲ್ಲೇ ಮುಂದೆ ಇನ್ನೊಬ್ಬರನ್ನು ಬೀಳಿಸುತ್ತದೆ. ನಾನು ನೋಡುವ ಹೆಗಲ ಹಲಗೆಗಳಲ್ಲಿ ಎಷ್ಟೋ ಇಲ್ಲಿಂದಲೇ ಬರುತ್ತವೆ.

ಮಾತು ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬ ತಾಯಿ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಸುತ್ತಿದ ಎಕ್ಸ್‌ರೇ. "ನಮ್ಮ ಮನಿಯವರು ಬಿದ್ದು ಹದಿನಾರು ದಿನ ಆತ್ರಿ. ಎಲುಬು ತಾನ ಕೂಡ್ತೈತಿ ಅಂತ ಕಳಿಸ್ಯಾರ. ನೀವು ಕೀಲು, ಮೆಟ್ಟಿಲ ಅಂತ ಹೇಳಿದ್ರೆಲ್ಲ, ಇದ್ರಾಗ ಐತೇನ್ರಿ?" ಎಕ್ಸ್‌ರೇಯನ್ನು ಅದೇ ಟ್ಯೂಬ್‌ಲೈಟಿಗೆ ಹಿಡಿದೆ. ಪಕ್ಕೆಲುಬಿನ ಗೆರೆಗಳ ನಡುವೆ ಕೀಲಿನ ಅಂಚು ಎರಡಾಗಿ ಕಂಡ ಹಾಗಿತ್ತು. ಖಾತ್ರಿ ಹೇಳುವ ಹಾಗಿರಲಿಲ್ಲ. ಮೂರು ವಾರ ದಾಟಿದರೆ ಹೊಸ ಎಲುಬು ಗಟ್ಟಿಯಾಗಿ ಚೂರುಗಳನ್ನು ಜಾಗಕ್ಕೆ ತರುವುದು ಕಷ್ಟ. "ಉಸಿರು ಹೆಂಗೈತಿ, ಬೆರಳು ಆಡ್ತಾವೇನು?" ಅಂತ ಕೇಳಿದೆ. ಎರಡೂ ಸರಿ ಇವೆ ಅಂದರು. ಹಾಗಾದರೆ ಸೋಮವಾರದವರೆಗೆ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಅವರನ್ನು ಕರೆದುಕೊಂಡು ಬನ್ನಿ, ಸಿಟಿ ಸ್ಕ್ಯಾನ್ ಮಾಡಿಸೋಣ ಅಂದೆ. ಎಕ್ಸ್‌ರೇ ಸುತ್ತಿ ಚೀಲಕ್ಕೆ ಹಾಕಿಕೊಂಡು, ಮೊದಲ ಬಸ್ಸು ಎಷ್ಟಕ್ಕೆ ಅಂತ ಪಕ್ಕದವರನ್ನು ಕೇಳುತ್ತಾ ಹೊರಟರು.